ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಇವತ್ತು ಮಾತ್ರೆ ನುಂಗಬೇಕೋ, ಬಿಡಬೇಕೋ? ನಿನ್ನೆ ನುಂಗಿದ್ದಾಗಿತ್ತು, ಮೊನ್ನೆಯೂ. ಹಾಗಾದರೆ ಇವತ್ತು ಬಿಡುವ ದಿನ. ಒಂದು ದಿನ ಬಿಟ್ಟರೆ ಏನು ಮುಳುಗಿಹೋಗುತ್ತದೆ? ಏನೂ ಮುಳುಗದಿದ್ದರೆ, ‘ಒಂದು ದಿನವೂ ತಪ್ಪಿಸಬೇಡಿ’ ಎಂದು ಡಾಕ್ಟರು ಅಷ್ಟು ಒತ್ತಿ ಹೇಳಿದ್ದೇಕೆ?

ದರ್ಜಿ ಅಂಗಡಿಯ ಮೇಜಿನ ಮುಂದೆ ನೀರಿನ ಲೋಟ ಹಿಡಿದು ನಿಂತಿದ್ದ. ಅವನ ರಕ್ತದಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಗಿ ಎರಡು ವರ್ಷವಾಗಿತ್ತು. ದಿನಕ್ಕೊಂದು ಮಾತ್ರೆ ಅದನ್ನು ಹದ್ದುಬಸ್ತಿನಲ್ಲಿಟ್ಟಿತ್ತು. ಸೂಜಿ ಹಿಡಿದು ದುಡಿಯುವವನು ಕೊಳ್ಳುವಂಥ ಮಾತ್ರೆಯಲ್ಲ ಅದು. ನೆರವು ನಿಧಿಯವರು ಕೊಡಿಸುತ್ತಿದ್ದರು. ಎರಡು ತಿಂಗಳ ಹಿಂದೆ ಅವರಿಂದ ಕಾಗದ ಬಂದಿತ್ತು. ‘ನಿಮಗೆ ನೀಡುತ್ತಿರುವ ನೆರವನ್ನು ಮರುಪರಿಶೀಲಿಸಲಾಗುವುದು.’ ಅಷ್ಟೇ, ಒಂದು ಸಾಲು. ಅದನ್ನು ಅವನು ಯಾರಿಗೂ ತೋರಿಸಲಿಲ್ಲ. ಅಂದಿನಿಂದ ಮೂರು ದಿನಕ್ಕೊಂದು ಮಾತ್ರೆ ಉಳಿಸತೊಡಗಿದ.

ಅದರಲ್ಲಿ ತಪ್ಪೇನೂ ಅವನಿಗೆ ಕಂಡಿರಲಿಲ್ಲ. ನಲವತ್ತು ವರ್ಷದಲ್ಲಿ ಅವನು ಯಾವ ಬಟ್ಟೆಯನ್ನೂ ಅಂಚಿಗೆ ಹತ್ತಿಸಿ ಹೊಲಿದವನಲ್ಲ. ಒಳಗೆ ಎರಡು ಬೆರಳಷ್ಟು ಬಿಡುತ್ತಿದ್ದ; ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲಿಸಿಕೊಳ್ಳಬಹುದು. ಮಾತ್ರೆಯ ವಿಷಯವೂ ಹಾಗೆಯೇ ಎಂದುಕೊಂಡಿದ್ದ. ಮಾತ್ರೆ ಹಾಳೆಯಿಂದ, ಒಂದು ಮಾತ್ರೆಯಿದ್ದ ಗುಳಿಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ, ಕೋಟಿನ ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಿದ. ಕೋಟು ಹೊಲಿಸುವವರು ಬಂದು ವರ್ಷಗಳಾಗಿದ್ದವು.

ಆದರೆ ಅದೇ ದಿನ ಒಬ್ಬರು ಬಂದರು. ಗಿರಾಕಿ ಅಳತೆ ಕೊಟ್ಟು ಹೋದ ಮೇಲೆ, ಗುಂಡಿ ಕಾಜದ ಕೆಲಸ ನೋಡಿಕೊಳ್ಳುವ ಹೆಂಡತಿ ಕೋಟಿನ ಗುಂಡಿಗೆಂದು ಕಪಾಟಿಗೆ ಕೈಹಾಕಿದಳು.

“ಇರು, ನಾನು ತೆಕ್ಕೊಡ್ತೀನಿ,” ಎಂದು ದರ್ಜಿ ಅವಸರದಿಂದ ಎದ್ದ.

“ಕೈಗೆ ಸಿಕ್ತು ಬಿಡಿ. ಗುಂಡಿ ಡಬ್ಬಿಗೂ ಕಾವಲಾ?”

ಅವಳು ಮುಚ್ಚಳ ತೆಗೆದಳು. ಒಂದು ಗುಳಿಯನ್ನು ಬೆರಳಲ್ಲಿ ಹಿಡಿದು, ಕತ್ತರಿಸಿದ ಅಂಚನ್ನು ನೋಡಿದಳು.

“ಬಟ್ಟೆ ಕತ್ತರೀಲಿ ಕಾಗದ ಕತ್ತರಿಸಿದ್ರೆ ಮನೆ ಮೇಲೆ ಕೆಳಗೆ ಮಾಡ್ತೀರಿ. ಇದಕ್ಕೆ ಅದೇ ಕತ್ತರಿ ಆಯ್ತಾ?”

“ಕೊಡೋದು ನಿಲ್ಲಿಸ್ತಾರೇನೋ ಕಣೇ. ಕಾಗದ ಬಂದಿದೆ.”

“ಯಾವಾಗ?”

ಅವನು ಹೇಳಿದ. ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

“ಗಿರಾಕಿ ಬಟ್ಟೇಲಿ ಬಿಡೋ ಹಾಗೆ ಜೀವದಲ್ಲೂ ಎರಡು ಬೆರಳು ಬಿಡೋಕೆ ಹೊರಟ್ರಾ? ನಾನಿಲ್ಲಿ ಎದುರಿಗೇ ಕೂತಿರ್ತೀನಲ್ರೀ, ಒಂದು ಮಾತು ಹೇಳೋಕಾಗ್ಲಿಲ್ವಾ?”

“ನಿನಗ್ಯಾಕೆ ತಲೆಬಿಸಿ ಅಂತ.”

“ಈಗ ತಣ್ಣಗಿದೆ ನೋಡಿ, ನನ್ನ ತಲೆ!”

ಮರುದಿನ ಆಸ್ಪತ್ರೆಗೆ ಹೋಗುವುದಿತ್ತು. ಒಳಗೆ ರೋಗಿಯನ್ನು ಮಾತ್ರ ಕರೆದರು. ಅವಳು ಚೀಲದಿಂದ ಡಬ್ಬಿ ತೆಗೆದು ಅವನ ಕೈಗಿತ್ತಳು.

ಡಾಕ್ಟರಮ್ಮ ರಕ್ತದ ವರದಿಯನ್ನು ಎರಡು ಸಲ ಓದಿದರು. “ಇಷ್ಟು ದಿನ ಚೆನ್ನಾಗಿತ್ತು, ಈಗ ಮತ್ತೆ ಏರಿದೆ. ಔಷಧಿ ಹತ್ತುತ್ತಾ ಇಲ್ಲ ಅನ್ಸುತ್ತೆ. ನಿಧಿಯವರ ಫಾರಂನಲ್ಲಿ ಹಾಗೇ ಬರೀಬೇಕಾಗುತ್ತೆ.”

“ಹಾಗೆ ಬರೆದ್ರೆ?”

“ಕೆಲಸ ಮಾಡದ ಔಷಧಿಗೆ ಅವರು ನೆರವು ಕೊಡಲ್ಲ.”

ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಯಾವುದಕ್ಕೆ ಹೆದರಿ ಉಳಿಸಿದ್ದನೋ, ಉಳಿಸಿದ್ದೇ ಅದನ್ನು ಬಾಗಿಲಿಗೆ ತಂದು ನಿಲ್ಲಿಸಿತ್ತು. ಅವನು ಡಬ್ಬಿಯನ್ನು ಫಾರಂನ ಮೇಲೆಯೇ ಇಟ್ಟು ಮುಚ್ಚಳ ತೆಗೆದ. ಕಪ್ಪು ಗುಂಡಿಗಳ ನಡುವೆ ಬೆಳ್ಳಿಬಣ್ಣದ ಇಪ್ಪತ್ತು ಗುಳಿಗಳಿದ್ದವು.

“ಔಷಧಿ ಹತ್ತದೆ ಇರೋದಲ್ಲಮ್ಮ. ನಿಧಿಯವರ ಕಾಗದ ನೋಡಿ ಹೆದರಿ ನಾನೇ ಸರಿಯಾಗಿ ನುಂಗಿಲ್ಲ.”

ಬೈಗುಳಕ್ಕಾಗಿ ಅವನು ತಲೆ ತಗ್ಗಿಸಿ ಕಾದ. ಅದು ಬರಲಿಲ್ಲ.

“ಆ ಕಾಗದ ಎಲ್ಲರಿಗೂ ವರ್ಷಕ್ಕೊಂದು ಸಲ ಹೋಗುತ್ತೆ,” ಎಂದರು ಡಾಕ್ಟರಮ್ಮ. “ಹೋದ ವರ್ಷ ನಿಮ್ಮದನ್ನ ನೇರ ನಮಗೇ ಕಳಿಸಿದ್ರು. ಈ ಸಲ ಮನೆಗೆ ಹಾಕಿದಾರೆ. ಅದರ ಅರ್ಥ ಏನು ಅಂತ ನಾವು ಹೇಳ್ಬೇಕಿತ್ತು, ಹೇಳ್ಲಿಲ್ಲ. ಹಾಗಂತ ಯಾವತ್ತೂ ನಿಲ್ಲಿಸಲ್ಲ ಅಂತ ಮಾತು ಕೊಡೋಕೂ ನನ್ನಿಂದಾಗಲ್ಲ. ಆದ್ರೆ ನಿಲ್ಲಿಸೋ ಹಾಗಾದ್ರೆ ಬೇರೆ ದಾರಿ ಹುಡುಕೋಕೆ ನಿಮ್ಮ ರಕ್ತ ಹತೋಟಿಯಲ್ಲಿರ್ಬೇಕು. ಇದನ್ನೆಲ್ಲ ಹೀಗೇ ಬರೀತೀನಿ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿ ಅಂತ ಕೇಳ್ತೀನಿ. ದಿನಾ ನುಂಗ್ತೀರಾ?”

“ನುಂಗ್ತೀನಿ. ಮನೇಲಿ ಇನ್ನು ತಪ್ಪಿಸೋಕೆ ಬಿಡಲ್ಲ.”

ಅವರು ನಕ್ಕುಬಿಟ್ಟರು. ಅವನಿಗೂ ನಗು ಬಂತು.

ಹೊರಗೆ ಹೆಂಡತಿಯ ಪಕ್ಕ ಒಬ್ಬ ಲಾರಿ ಡ್ರೈವರ್ ಕುಳಿತಿದ್ದ, ಅದೇ ಕಾಯಿಲೆಯವನು. “ನಿಮಗೂ ಕಾಗದ ಬಂತಾ ಅಣ್ಣ?” ಎಂದು ಮೆಲ್ಲಗೆ ಕೇಳಿದ. ದರ್ಜಿಯ ಕಣ್ಣು ತಾನಾಗಿ ಅವನ ಅಂಗಿಯ ಜೇಬಿಗೆ ಹೋಯಿತು. ಜೇಬು ಸರಿಯಾಗಿ ಕೂತಿರಲಿಲ್ಲ. ಒಳಗೆ ಗಟ್ಟಿಯಾದದ್ದೇನೋ ಗಂಟು ಕಟ್ಟಿಕೊಂಡಿತ್ತು. ದರ್ಜಿ ಅವನ ಪಕ್ಕದಲ್ಲಿ ಕುಳಿತು ಡಬ್ಬಿಯ ಮುಚ್ಚಳ ತೆಗೆದ.

“ನೋಡಪ್ಪ, ನಾನು ಮಾಡಿದ ಘನಂದಾರಿ ಕೆಲಸ.”

ಡ್ರೈವರ್ ಡಬ್ಬಿಯೊಳಗೆ ನೋಡಿದ. ಅವನ ಕೈ ನಿಧಾನವಾಗಿ ಜೇಬಿನ ಮೇಲೆ ಬಂತು. ಒಳಗಿನಿಂದ ತನ್ನ ಸರದಿಯ ಕೂಗು ಬಂದಾಗ, ಆ ಕೈಯನ್ನು ತೆಗೆಯದೆಯೇ ಎದ್ದು ಹೋದ.

ಮೂರು ತಿಂಗಳಿಗೆ ರಕ್ತ ಹತೋಟಿಗೆ ಬಂತು. ನೆರವು ಒಂದು ವರ್ಷಕ್ಕೆ ಮುಂದುವರಿಯಿತು. ಅದರಾಚೆಗಿನ ಮಾತು ಯಾರಿಗೂ ಗೊತ್ತಿರಲಿಲ್ಲ, ಆದರೂ ಅಂಗಡಿಯಲ್ಲಿ ಬೆಳಗುಗಳು ಹಗುರವಾಗಿದ್ದವು. ಅವಳು ಲೋಟದ ಪಕ್ಕ ಮಾತ್ರೆ ಇಡುತ್ತಿದ್ದಳು. ಅವನು ಅವಳೆದುರೇ ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದ. “ಸಾಕು, ಗಂಟಲೊಳಗೆ ಹೊಲಿಗೆ ಬಿಚ್ಚಿದ್ದು ಕಾಣ್ತಿದೆ,” ಎಂದು ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಗಿರಾಕಿಗಳ ಬಟ್ಟೆಯಲ್ಲಿ ಅವನು ಈಗಲೂ ಎರಡು ಬೆರಳು ಬಿಡುತ್ತಿದ್ದ.

ಆ ಇಪ್ಪತ್ತು ಮಾತ್ರೆಗಳನ್ನು ತಾನು ಅವಳೊಂದಿಗೆ ಇನ್ನೂ ಇಪ್ಪತ್ತು ದಿನ ಇರಬೇಕೆಂದು ಉಳಿಸಿದ್ದು ಎಂಬುದನ್ನು ಮಾತ್ರ ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.