ಸಾವಕಾರರ ಕಪಾಟಿನಲ್ಲಿ ತೋಳ ಇರಲಿಲ್ಲ

ವಳಸಂಗದ ವಾಚನಾಲಯಕ್ಕೆ ಒಂದು ಕಪಾಟು, ಕಪಾಟಿಗೆ ಒಂದು ಕೀಲಿ, ಕೀಲಿಗೆ ಒಬ್ಬ ಯಜಮಾನರು. ಅವರೇ ಕಿರಾಣಿ ಅಂಗಡಿಯ ಸೋಮನಿಂಗಪ್ಪ ಸಾವಕಾರರು. ದಿನಾ ಬೆಳಿಗ್ಗೆ ಜಳಕ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡು, ಅದೇ ಬೆರಳಿನಿಂದ ಕಪಾಟಿಗೂ ಒಳಗಿನ ಪುಸ್ತಕಗಳಿಗೂ ಹಚ್ಚುತ್ತಿದ್ದರು. ಪುಸ್ತಕ ಎಂದರೆ ಅವರ ಲೆಕ್ಕದಲ್ಲಿ ಶ್ರಾವಣದಲ್ಲಿ ಗುಡಿಯೊಳಗೆ ಓದುವ ಪುರಾಣ. ಹಾಗಾಗಿ ಕೊಂಡು ತಂದದ್ದೆಲ್ಲ ದಪ್ಪ ದಪ್ಪ ಪುರಾಣಗಳೇ. ಜಳಕ ಮಾಡದವರು ಮುಟ್ಟುವ ಹಾಗಿರಲಿಲ್ಲ.

"ಇಷ್ಟು ವರ್ಷ ಆತು, ಒಂದ ಹಾಳಿ ಸೈತ ಮಡಚಿಲ್ಲ" ಎಂದು ಬಂದವರ ಮುಂದೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ತೆರೆದವರಿದ್ದರೆ ತಾನೇ ಮಡಚುವುದು! ಊರಿನ ಹರೆಯದ ಹುಡುಗ ಹುಡುಗಿಯರು ವಾಚನಾಲಯದ ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದರೇ ಹೊರತು ಒಳಗೆ ಕಾಲಿಡುತ್ತಿರಲಿಲ್ಲ.

೧೯೭೦ರ ದೀಪಾವಳಿ ಮುಗಿದಿತ್ತು. ಕುರಿಗಾರರ ಓಣಿಯ ಹಣಮವ್ವನ ಮನೆಗೆ ಬೀಗರು ತಮ್ಮ ಮನೆಯ ಮದುವೆಯ ಲಗ್ನಪತ್ರಿಕೆ ತಂದರು. ಹಣಮವ್ವನಿಗೆ ಅಕ್ಷರ ಬಾರದು. ಮಗಳು ಅಕ್ಕವ್ವ ಏಳನೆಯ ಇಯತ್ತೆ ಪಾಸಾದವಳು. ಸಾಲಿ ಬಿಟ್ಟು ಎರಡು ವರ್ಷದಿಂದ ಅಪ್ಪನ ಜೊತೆ ಕುರಿ ಕಾಯುತ್ತಿದ್ದಳು. ತಾಯಿ ಸಂಭ್ರಮದಿಂದ, "ಓದವಾ, ಎಲ್ಲಾರೂ ಕೇಳ್ಲಿ" ಎಂದಳು. ಅಕ್ಕವ್ವ ಎರಡು ಸಾಲು ತಡವರಿಸಿದಳು, ಮೂರನೆಯದಕ್ಕೆ ನಿಂತೇ ಬಿಟ್ಟಳು. ಬೀಗರು ಅವಳ ಕೈಯಿಂದ ಪತ್ರಿಕೆ ತೆಗೆದುಕೊಂಡು ತಾವೇ ಓದಿದರು.

ಅವರು ಹೋದ ಮೇಲೆ ಹಣಮವ್ವ ಒಲೆಯ ಮುಂದೆ ಕೂತು ಅತ್ತಳು. "ನಾ ಅಂತೂ ಕಣ್ಣಿದ್ದ ಕುರುಡಿ. ಕಲಿತ ಅಕ್ಷರ ಕಳಕೊಂಡು ನೀನೂ ನನ್ನಂಗ ಆಗಬ್ಯಾಡವಾ" ಎಂದಳು. ಆ ಮಾತು ಅಕ್ಕವ್ವನಿಗೆ ನಾಟಿತು.

ಮರುದಿನ ತಾಯಿ ಮಗಳು ತಲೆಗೆ ಎಣ್ಣೆ ಹಚ್ಚಿ ಜಳಕ ಮಾಡಿ ವಾಚನಾಲಯಕ್ಕೆ ಬಂದರು.

"ಜಳಕ ಆಗೇತೇನು?" ಎಂದರು ಸಾವಕಾರರು.

"ತಲಿ ಮ್ಯಾಲಿಂದನ ಆಗೇತ್ರಿ" ಎಂದಳು ಹಣಮವ್ವ.

ಸಾವಕಾರರು ಇದ್ದುದರಲ್ಲೇ ದಪ್ಪನೆಯದನ್ನು ಆರಿಸಿ ಕೊಟ್ಟರು. ಹಣಮವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಒಂದು ತಿಂಗಳಾದ ಮೇಲೆ ಹಾಗೆಯೇ ತಂದು ಒಪ್ಪಿಸಿದಳು.

"ಭಾಳ ಚಲೋ ನೋಡ್ಕೊಂಡೀನ್ರಿ. ದೇವರ ಜಗಲಿ ಮ್ಯಾಲ ಇಟ್ಟು ದಿನಾ ಊದಿನಕಡ್ಡಿ ಹಚ್ಚೀನಿ. ಅಮಾಸಿಗಿ ಕಾಯಿ ಸೈತ ಒಡದೀನಿ."

ಅಲ್ಲೇ ಪೇಪರ್ ಓದುತ್ತಿದ್ದ ಕನ್ನಡ ಸಾಲಿಯ ಶಿಕ್ಷಕಿ ಇಂದ್ರಾಬಾಯಿಯವರಿಗೆ ನಗು ತಡೆಯಲಾಗಲಿಲ್ಲ. "ಪೂಜಿ ಆತು ಹಣಮವ್ವ, ಓದೂದು?"

ಅಕ್ಕವ್ವ ನೆಲ ನೋಡುತ್ತ ಹೇಳಿದಳು, "ತಗದ್ರ ಒಂದೂ ತಿಳೀಲಿಲ್ರಿ ಬಾಯಾರ. ನನಗ ಓದಾಕ ಬರೂದಿಲ್ಲ ಅನ್ಸಿ ಮುಚ್ಚಿಟ್ಟೆ."

ಇಂದ್ರಾಬಾಯಿಯವರ ನಗು ಅಲ್ಲಿಗೇ ನಿಂತಿತು. "ಸಾವಕಾರ್ರ, ನಿಮ್ಮ ಅಂಗಡಿಗಿ ಗಿರಾಕಿ ಬಂದ್ರ ಏನ ಬೇಕು ಅಂತ ಕೇಳ್ತೀರೋ, ಸುಮ್ನ ಒಂದ ಚೀಲ ಸಜ್ಜಿ ಹೊರಿಸಿ ಕಳಸ್ತೀರೋ?"

"ಅಂಗಡಿ ಬ್ಯಾರೆ, ವಿದ್ಯಾ ಬ್ಯಾರೆ. ಈ ಹುಡುಗ್ರನ್ನ ಕೇಳಿದ್ರ ಪತ್ತೇದಾರಿ ಕತಿ ಕೊಡ್ರಿ, ಕುಸ್ತಿ ಕತಿ ಕೊಡ್ರಿ ಅಂತಾವ. ಕೆಟ್ಟ ಹೋಗ್ತಾವ."

"ಓದಿ ಕೆಟ್ಟಾವ್ರನ್ನ ನಾ ನೋಡಿಲ್ಲ, ಓದೂದ ಬಿಟ್ಟ ಅಕ್ಷರ ಮರತಾವ್ರನ್ನ ಓಣಿ ತುಂಬ ನೋಡೀನಿ. ಪುರಾಣ ಬ್ಯಾಡ ಅಂತ ಯಾರಂದ್ರು? ಕೂಸಿಗಿ ಮದಲ ಹಾಲು, ಆಮ್ಯಾಲ ಗಂಜಿ, ಆಮ್ಯಾಲ ರೊಟ್ಟಿ. ನೀವು ಹಲ್ಲ ಬರೂ ಮದಲ ಕಟಕ ರೊಟ್ಟಿ ಕೊಟ್ಟೀರಿ."

ಸಾವಕಾರರು ಮೀಸೆ ತಿರುವಿದರು. ಇಂದ್ರಾಬಾಯಿ ಅಕ್ಕವ್ವನ ಕಡೆ ತಿರುಗಿದರು. "ನಿನಗ ಏನ ತಿಳ್ಕೋಬೇಕು ಅನಸ್ತೈತಿ? ಅಂಜಬ್ಯಾಡ, ಹೇಳು."

ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ತ್ವಾಳ" ಎಂದಳು. "ನಮ್ಮ ಹಟ್ಟಿ ಸುತ್ತ ಹೆಜ್ಜಿ ಇರ್ತಾವ್ರಿ. ಅದು ಎಲ್ಲಿ ಇರತೈತಿ, ಮರಿ ಎಲ್ಲಿ ಹಾಕತೈತಿ, ಒಂದ ಬರತೈತೋ ಹಿಂಡ ಬರತೈತೋ, ನನಗ ತಿಳೀಬೇಕ್ರಿ."

"ತ್ವಾಳೇನು? ನನ್ನ ಕಪಾಟಿನ್ಯಾಗ ತ್ವಾಳ ಇಲ್ಲವಾ!" ಎಂದರು ಸಾವಕಾರರು.

"ಅದಕ್ಕ ಹುಡುಗ್ರೂ ಇಲ್ರಿ" ಎಂದರು ಇಂದ್ರಾಬಾಯಿ.

ಸಾವಕಾರರು ಹಟಮಾರಿ ನಿಜ, ಕೆಟ್ಟವರಲ್ಲ. ಮುಂದಿನ ಸಲ ಪುಸ್ತಕ ತರಲು ವಿಜಾಪುರಕ್ಕೆ ಹೊರಟಾಗ ಇಂದ್ರಾಬಾಯಿಯವರನ್ನೂ ತಾಯಿ ಮಗಳನ್ನೂ ಕರೆದುಕೊಂಡು ಹೋದರು. ಅಂಗಡಿಯಲ್ಲಿ ಅಕ್ಕವ್ವ ಕಾಡು ಪ್ರಾಣಿಗಳ ಒಂದು ತೆಳ್ಳನೆಯ ಪುಸ್ತಕ ಎತ್ತಿಕೊಂಡಳು. ದೊಡ್ಡ ಅಕ್ಷರ, ನಡುನಡುವೆ ಚಿತ್ರ. ಸಾವಕಾರರು ರೂಢಿಯಂತೆ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಭಾಳ ಹಗರ ಐತ್ರಿ ಇದು."

"ಓದಾಕ ಒಯ್ಯೂದ್ರಿ, ತೂಗಾಕ ಅಲ್ಲ" ಎಂದು ಇಂದ್ರಾಬಾಯಿ ಅಕ್ಕವ್ವನಿಗೆ ಒಂದು ಉಪಾಯ ಹೇಳಿಕೊಟ್ಟರು. "ನಡುವಿನ ಒಂದ ಪಾನ ತಗದ ಓದು. ತಿಳೀಲಾರದ ಶಬ್ದ ಬಂದಾಗೊಮ್ಮೆ ಒಂದ ಬೆರಳ ಮಡಚು. ಪಾನ ಮುಗಿಯೂ ಮದಲ ಮುಷ್ಟಿ ಕಟ್ಟಿದ್ರ ಆ ಪುಸ್ತಕ ಸದ್ಯ ಬ್ಯಾಡ."

ಅಕ್ಕವ್ವ ಎರಡೇ ಬೆರಳು ಮಡಚಿದಳು. ಪುಸ್ತಕ ವಳಸಂಗಕ್ಕೆ ಬಂತು. ಊರಿನ ಹುಡುಗರು ಕೇಳಿದ ಕುಸ್ತಿಯದು, ಪತ್ತೇದಾರಿಯದು ಕೂಡ ಬಂದವು. ಜಳಕದ ಕಟ್ಟಳೆಯನ್ನು ಸಾವಕಾರರು ನಿಟ್ಟುಸಿರುಬಿಟ್ಟು ಕೈಬಿಟ್ಟರು. ಕೈ ತೊಳೆದರೆ ಸಾಕು ಎಂದರು.

ಹದಿನೈದು ದಿನಕ್ಕೆ ತೋಳದ ಪುಸ್ತಕ ತಿರುಗಿ ಬಂತು. ಅದರ ಅವತಾರ ನೋಡಿ ಸಾವಕಾರರು ಹೌಹಾರಿದರು. ಮೂಲೆ ಮಡಚಿತ್ತು, ಚಟ್ನಿಯ ಎಣ್ಣೆ ಹತ್ತಿತ್ತು, ಹಾಳೆಗಳ ನಡುವೆ ಕರಿಯ ಉಣ್ಣೆಯ ಎಳೆ ಸಿಕ್ಕಿತ್ತು.

"ಏನ ಗತಿ ಮಾಡೀಯವಾ ಇದನ್ನ!"

"ಮೂರ ಸಲ ಓದೀನ್ರಿ. ಅಪ್ಪ ಉಣ್ಣಿ ನೂಲುವಾಗ ಜೋರಲೆ ಓದಿ ಹೇಳೀನಿ. ಇದನ್ನ ಬರದಾವ ನಮ್ಮ ಕಡಿ ತ್ವಾಳ ನೋಡೇ ಇಲ್ಲ ಅಂತ ಅಪ್ಪ ಜಗಳಾ ತಗದಾನ್ರಿ."

"ಎಲ್ಲೆ, ಓದಿ ತೋರಸು."

ಅಕ್ಕವ್ವ ನಿಂತಲ್ಲೇ ಓದಿದಳು. ಎಲ್ಲೂ ನಿಲ್ಲದೆ, ಕತೆ ಹೇಳುವ ಹಾಗೆ ಓದಿದಳು. ಬಾಗಿಲಲ್ಲಿ ನಿಂತ ಹಣಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈ ಸಲ ಅವಳು ಅತ್ತದ್ದು ಸಂತೋಷಕ್ಕೆ.

ಓದಿ ಮುಗಿಸಿದ ಅಕ್ಕವ್ವ ಕಪಾಟಿನೊಳಗೆ ಇಣುಕಿದಳು. ಅಲ್ಲಿ ಆ ದಪ್ಪ ಪುರಾಣ ಮೊದಲಿನ ಹಾಗೆಯೇ ಕೂತಿತ್ತು.

"ಸಾವಕಾರ್ರ, ಇದರಾಗೂ ಪ್ರಾಣಿ ಅದಾವೇನ್ರಿ?"

ಸಾವಕಾರರು ಇಂದ್ರಾಬಾಯಿಯವರ ಮುಖ ನೋಡಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ತ್ವಾಳ ಇಲ್ಲವಾ. ಆದ್ರ ಒಂದ ಹುಲಿ ಐತಿ, ಆನಿ ಐತಿ" ಎಂದರು.

"ಹಂಗಾರ ಕೊಡ್ರಿ. ಸಾವಕಾಶ ಓದ್ತೀನಿ."

ಸಾವಕಾರರು ಪುರಾಣವನ್ನು ತೆಗೆದು, ಅದರ ಮೇಲಿನ ವಿಭೂತಿಯನ್ನು ತಮ್ಮ ಪಂಚೆಯಿಂದಲೇ ಒರೆಸಿ, ಅವಳ ಕೈಗಿತ್ತರು. "ಎಣ್ಣಿ ಹತ್ತಿದ್ರ ಹತ್ತಲಿ" ಎಂದರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಿನಲ್ಲೂ ಒಂದು ಕಪಾಟು ಇದ್ದೀತು, ಕಟ್ಟೆಯ ಮೇಲೆ ಶೇಂಗಾ ತಿನ್ನುವ ಮಕ್ಕಳೂ ಇದ್ದಾರು. ಪುಸ್ತಕ ತರುವ ಮೊದಲು ಅವರನ್ನು ಒಂದು ಮಾತು ಕೇಳಿ. ಸಾಧ್ಯವಾದರೆ ಅಂಗಡಿಗೆ ಅವರನ್ನೇ ಕರೆದೊಯ್ಯಿರಿ. ಮೊದಲು ತೆಳ್ಳನೆಯದು ಕೊಡಿ, ಅವರಿಗೆ ಬೇಕಾದ್ದು ಕೊಡಿ, ಮನೆಗೆ ಒಯ್ಯಲು ಬಿಡಿ. ಹೊಲಸಾದೀತು ಎಂದು ಅಂಜಬೇಡಿ, ಹೊಲಸಾದ ಪುಸ್ತಕಕ್ಕೆ ಹೊಸ ರಟ್ಟು ಹಾಕಬಹುದು. ಮಗು ಮರೆತ ಅಕ್ಷರಕ್ಕೆ ಏನು ಹಾಕುತ್ತೀರಿ? ಕೀಲಿ ಯಾರ ಹತ್ತಿರ ಇದೆಯೋ ಅವರ ಮನೆಗೆ ಇವತ್ತೇ ಹೋಗಿ, ಕಪಾಟು ತೆಗೆಸಿ.