ಕೆಂಪು ಕಾರಿಗೆ ಕುಂಕುಮ

ಎಂಜಿನ್ನು ಚೆನ್ನಾಗಿ ಕಾದ ಮೇಲೆ ಬೈರಯ್ಯ ಅದನ್ನು ಆರಿಸಿ ಕೆಳಗಿಳಿದ. ಮಾಗಡಿ ರಸ್ತೆಯ ಷೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ರಿಪೇರಿ ಮುಗಿದ ಕಾರಿಗೆ ಇಡುವ ಕುಂಕುಮ ತರಲು ಲಕ್ಷ್ಮೀಪತಿ ಗುಡಿಗೆ ಹೋಗಿದ್ದ.

ಲಕ್ಷ್ಮೀಪತಿ ಅವನ ಹೆಂಡತಿಯ ತಮ್ಮ. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವನೇ ಬೈರಯ್ಯ. ಈಗ ನೋಡಿದರೆ ಬಂದವರೆಲ್ಲ ಆ ಹುಡುಗನನ್ನೇ ಕೇಳುತ್ತಾರೆ. ಊರು ಬಿಟ್ಟುಹೋದ ಇಂಗ್ಲಿಷ್ ದೊರೆಯೊಬ್ಬನಿಂದ ಈ ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದ ಕಂಟ್ರಾಕ್ಟರ್ ನಾರಾಯಣಪ್ಪನವರಂತೂ, "ಚೋಕ್ ಕೆಲ್ಸ ಲಕ್ಷ್ಮೀಪತಿನೇ ಮಾಡ್ಲಿ. ನೀನು ಕೈ ಹಾಕ್ಬೇಡ ಬೈರಯ್ಯ," ಎಂದು ಎದುರಿಗೇ ಹೇಳಿದ್ದರು. ಹೊಟ್ಟೆ ಉರಿಯದೆ ಇನ್ನೇನಾದೀತು? ರಿಪೇರಿ ಮಾಡಿದವನೇ ಕುಂಕುಮ ಇಡುವುದು ಆ ಷೆಡ್ಡಿನ ಪದ್ಧತಿ. ಹತ್ತೊಂಬತ್ತು ವರ್ಷ ಇಟ್ಟಿದ್ದು ಬೈರಯ್ಯನೊಬ್ಬನೇ.

ಪೆಟ್ರೋಲು ಹೆಚ್ಚಾಗಿ ಬಿಡುವ ಚೋಕಿನ ಗುಂಡಿ ಎಳೆಯಬೇಕಾದದ್ದು ಎಂಜಿನ್ನು ತಣ್ಣಗಿದ್ದಾಗ. ಕಾದಾಗ ಎಳೆದರೆ ಪೆಟ್ರೋಲು ಮಿತಿಮೀರಿ ನುಗ್ಗಿ ಗಾಡಿಗೆ ಉಸಿರು ಕಟ್ಟುತ್ತದೆ. ರಾತ್ರಿಯೆಲ್ಲ ನಿಂತಿದ್ದ ಕಾರು ಕಾದಿರುತ್ತದೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ನಾರಾಯಣಪ್ಪನವರು ಬಂದರು. ಗುಡಿಯಿಂದ ಬಂದ ಲಕ್ಷ್ಮೀಪತಿ ಕುಂಕುಮದ ಪೊಟ್ಟಣವನ್ನು ಜೇಬಿಗಿಟ್ಟು, ಕಾರಿನಲ್ಲಿ ಕೂತು, ಚೋಕು ಎಳೆದು ಸ್ಟಾರ್ಟ್ ಮಾಡಿದ. ಎಂಜಿನ್ನು ಗೊರಗೊರ ಎಂದು ಸುಮ್ಮನಾಯಿತು. ಮತ್ತೆ ಮತ್ತೆ ಮಾಡಿದ. ಷೆಡ್ಡಿನ ತುಂಬ ಪೆಟ್ರೋಲಿನ ವಾಸನೆ.

"ಏನಯ್ಯಾ ಇದು? ನಿನ್ನ ನಂಬಿ ಕೊಟ್ಟೆನಲ್ಲ!" ನಾರಾಯಣಪ್ಪನವರು ಸಿಡುಕಿದರು.

ಬೈರಯ್ಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಲಕ್ಷ್ಮೀಪತಿ ಇಳಿದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಭಾವನ ಮುಖ ನೋಡಿದ. ಬೈರಯ್ಯ ಬೇರೆ ಕಡೆ ತಿರುಗಿದ.

"ತಪ್ಪು ನಂದೇ ಸಾರ್. ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡಿ ನೋಡಿದ್ದೆ. ಮರ್ತು ಚೋಕ್ ಎಳ್ದುಬಿಟ್ಟೆ. ನಮ್ ಭಾವ ಆಗಿದ್ರೆ ಇಂಥ ಕೆಲ್ಸ ಮಾಡ್ತಿರ್ಲಿಲ್ಲ. ಭಾವ, ನೀವೇ ಬನ್ನಿ."

ಬೈರಯ್ಯ ಕಾರಿನೊಳಗೆ ಹೋಗಿ ಕೂತ. ಚೋಕು ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ತುಳಿದು ಸ್ಟಾರ್ಟ್ ಮಾಡಿದ. ಕಪ್ಪು ಹೊಗೆ ಉಗುಳಿ ಕಾರು ಗುರುಗುಟ್ಟಿತು.

"ಅನುಭವ ಅಂದ್ರೆ ಇದಪ್ಪಾ! ಇನ್ಮೇಲೆ ನೀನೇ ನೋಡ್ಕೋ ಬೈರಯ್ಯ."

ಇಷ್ಟು ದಿನ ಹಂಬಲಿಸಿದ್ದು ಈ ಮಾತಿಗೇ. ಬೈರಯ್ಯ ನಾರಾಯಣಪ್ಪನವರ ಮುಖ ನೋಡದೆ ಕಾರಿನಿಂದ ಇಳಿದ.

ಲಕ್ಷ್ಮೀಪತಿ ಪೊಟ್ಟಣ ಬಿಚ್ಚಿ ಮುಂದೆ ಹಿಡಿದ. "ಇಡಿ, ಭಾವ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಬೈರಯ್ಯ ಕುಂಕುಮದಲ್ಲಿ ಬೆರಳು ಅದ್ದಿ ಬಿಸಿ ಬಾನೆಟ್ಟಿಗೆ ಒತ್ತಿದ. ಕೈ ತೆಗೆದು ನೋಡಿದರೆ, ಆ ಕೆಂಪಿನ ಮೇಲೆ ಬೊಟ್ಟು ಕಾಣಿಸಲೇ ಇಲ್ಲ.