ಮೂರನೇ ವ್ಯೂ ಪಾಯಿಂಟ್

ಭೂಗೋಳದ ಮೇಷ್ಟ್ರಿಗೆ ಎತ್ತರ ಎಂದರೆ ಆಗುತ್ತಿರಲಿಲ್ಲ. ಮನೆಯಲ್ಲಿ ಬಲ್ಬ್ ಕೆಟ್ಟರೆ ಸ್ಟೂಲ್ ಹತ್ತುತ್ತಿದ್ದವರು ಅವರ ಹೆಂಡತಿ. ಮೇಷ್ಟ್ರು ಕೆಳಗೆ ಸ್ಟೂಲಿನ ಕಾಲು ಹಿಡಿದುಕೊಂಡು, ಬಲ್ಬನ್ನು ಯಾವ ಕಡೆಗೆ ತಿರುಗಿಸಬೇಕೆಂದು ವಿವರಿಸುತ್ತಿದ್ದರು. ವಿವರಿಸುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರಿಲ್ಲ. ಊರಿನಿಂದ ಎರಡು ಗಂಟೆ ದೂರದ ಕಮರಿಯನ್ನು ಅವರು ಮೂವತ್ತೊಂದು ವರ್ಷ ಏಳನೇ ತರಗತಿಗೆ ಪಾಠ ಮಾಡಿದ್ದರು. “ನಾನು ಅಲ್ಲಿ ನಿಂತಾಗ...” ಎಂದು ಶುರು ಮಾಡಿದರೆ ಹಿಂದಿನ ಬೆಂಚಿನ ತಂಟೆಕೋರರೂ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು. ಯಾವಾಗ ನಿಂತಿರಿ ಎಂದು ಯಾರೂ ಕೇಳಲಿಲ್ಲ. ಶಾಲೆಯ ಪ್ರವಾಸ ಹೊರಡುವ ದಿನ ತಪ್ಪದೆ ಮೇಷ್ಟ್ರ ಹೊಟ್ಟೆ ಕೆಡುತ್ತಿತ್ತು. ಅವರು ಆ ಕಮರಿಯ ಮುಖವನ್ನೇ ನೋಡಿಲ್ಲವೆಂಬುದು ಹೆಂಡತಿಯೊಬ್ಬರಿಗೇ ಗೊತ್ತು.

ಆ ಪಾಠದಲ್ಲಿ ಎಲ್ಲರಿಗೂ ನೆನಪುಳಿಯುತ್ತಿದ್ದದ್ದು ಮೂರನೇ ತಿರುವು. ಅಲ್ಲಿ ಎಡದಂಡೆಯ ಗುಡ್ಡದ ಮೇಲೆ ನಿಂತರೆ ಮೂರೂ ಜಲಪಾತ ಒಂದೇ ನೋಟಕ್ಕೆ ಸಿಗುತ್ತವೆ ಎಂದು ಮೇಷ್ಟ್ರು ಕರಿಹಲಗೆಯ ಮೇಲೆ ಮೂರು ಬಿಳಿ ಗೆರೆ ಎಳೆಯುತ್ತಿದ್ದರು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದು ಮಧ್ಯಾಹ್ನ ಮಕ್ಕಳೆಲ್ಲ ತೂಕಡಿಸುತ್ತಿದ್ದಾಗ ಬಾಯಿಗೆ ಬಂದ ಮಾತು ಅದು. ಮಕ್ಕಳು ಎದ್ದು ಕೂತರು. ಮುಂದಿನ ವರ್ಷದಿಂದ ಅದೇ ಪಾಠವಾಯಿತು, ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯೂ ಆಯಿತು.

ಐದಕ್ಕೆ ಐದು ತೆಗೆದುಕೊಂಡಿದ್ದ ಶಿಷ್ಯನೊಬ್ಬ ಬೆಳೆದು ಕಾಮಗಾರಿ ಇಲಾಖೆಯಲ್ಲಿ ಓವರ್‌ಸಿಯರ್ ಆದ. ಕಮರಿಯ ಉದ್ದಕ್ಕೂ ಕಾಲುದಾರಿ ಮಾಡುವ ಕೆಲಸ ಅವನ ಪಾಲಿಗೇ ಬಂತು. ಮೊದಲೆರಡು ವ್ಯೂ ಪಾಯಿಂಟುಗಳನ್ನು ಕಣ್ಣಾರೆ ನೋಡಿ ಕಟ್ಟಿಸಿದ. ಮೂರನೆಯದಕ್ಕೆ ಕಣ್ಣೇಕೆ, ಮೇಷ್ಟ್ರೇ ಹೇಳಿದ್ದಾರಲ್ಲ! ಏಳನೇ ತರಗತಿಯ ನೋಟ್‌ಬುಕ್ ಹುಡುಕಿ ತೆಗೆದು, ಎಡದಂಡೆಯ ಗುಡ್ಡಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು ಕಡಿಸಿದ. ಎದುರಿಗಿದ್ದ ಪೊದೆ ಸವರಿದ ಮೇಲೆ ಜಲಪಾತ ಕಾಣುತ್ತದೆಂದು ನಂಬಿದ್ದ. ಪೊದೆ ಸವರಿದಾಗ ಬಂಡೆ ಕಂಡಿತು. ಹತ್ತಿ ಬಂದ ಜನ ದೂರು ಬರೆದರು, ಇಲಾಖೆಯಿಂದ ತನಿಖೆ ಬಂತು.

“ಸಾರ್, ನೀವು ಬಂದು ಒಂದ್ ಮಾತು ಹೇಳಿದ್ರೆ ಸಾಕು, ನನ್ನ ಕೆಲಸ ಉಳಿಯುತ್ತೆ” ಎಂದು ಅವನು ಫೋನಿನಲ್ಲಿ ಅಂಗಲಾಚಿದ. ಮೇಷ್ಟ್ರ ಹೊಟ್ಟೆ ಆಗಲೇ ಗುಡುಗುಡು ಎನ್ನತೊಡಗಿತ್ತು.

“ಈ ಸಲ ಆ ಆಟ ನಡೆಯಲ್ಲ” ಎಂದು ಹೆಂಡತಿ ಅವರ ಕೈಗೆ ಬ್ರೆಡ್ಡಿನ ಡಬ್ಬಿ ಇಟ್ಟರು. “ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ. ನಿಮ್ಮ ಜಂಬಕ್ಕೆ ಆ ಹುಡುಗನ ಹೊಟ್ಟೆ ಮೇಲೆ ಹೊಡೀಬೇಡಿ.”

ಹೇಳಿಬಿಡಬೇಕೆಂದೇ ಮೇಷ್ಟ್ರು ಬೆಳಿಗ್ಗೆ ಹೊರಟಿದ್ದು. ಆದರೆ ತನಿಖೆಗೆ ಬಂದ ಇಂಜಿನಿಯರ್ ಮೇಡಂ ಮೊದಲನೇ ಜಲಪಾತದ ಮುಂದೆ ನಿಂತು, “ಎಷ್ಟು ಚೆನ್ನಾಗಿದೆ! ಇದರ ಬಗ್ಗೆ ಏನಾದ್ರೂ ಹೇಳಿ ಮೇಷ್ಟ್ರೇ” ಎಂದುಬಿಟ್ಟರು. ನಿವೃತ್ತಿಯಾಗಿ ನಾಲ್ಕು ವರ್ಷವಾಗಿತ್ತು. ಅಷ್ಟು ದಿನ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ.

“ನೀರಿನ ಹಿಂದೆ ಒಂದು ಗುಹೆ ಇದೆ, ನೋಡಿ” ಎಂದರು ಮೇಷ್ಟ್ರು. ಇಣುಕಿದರೆ, ಪುಸ್ತಕದಲ್ಲಿ ಓದಿದ್ದ ಗುಹೆ ನಿಜಕ್ಕೂ ಇತ್ತು! ಮೇಡಂ ಬೆರಗಾದರು. ಎಲ್ಲರಿಗಿಂತ ಹೆಚ್ಚು ಬೆರಗಾದವರು ಮೇಷ್ಟ್ರು, ಆದರೆ ತೋರಿಸಿಕೊಳ್ಳಲಿಲ್ಲ. ಅಲ್ಲಿಂದ ಅವರ ಬಾಯಿಗೆ ಬೀಗವೇ ಇಲ್ಲದಂತಾಯಿತು. ಎರಡನೇ ಜಲಪಾತದ ಬಳಿ ತಾವು ಒಮ್ಮೆ ಕಾಲು ಜಾರಿ ಬಿದ್ದದ್ದನ್ನು, ಮೊಣಕಾಲಿಗೆ ಎರಡು ಹೊಲಿಗೆ ಬಿದ್ದದ್ದನ್ನು ರಸವತ್ತಾಗಿ ಹೇಳಿದರು. ಓವರ್‌ಸಿಯರ್ ಹೆಮ್ಮೆಯಿಂದ ಮೇಡಂ ಕಡೆ ನೋಡಿದ.

“ಎಷ್ಟು ಸಲ ಬಂದಿದೀರಿ?” ಎಂದು ಮೇಡಂ ಕೇಳಿದರು.

“ಲೆಕ್ಕ ಇಟ್ಟಿಲ್ಲಮ್ಮ” ಎಂದರು ಮೇಷ್ಟ್ರು.

ಮೆಟ್ಟಿಲುಗಳನ್ನು ಅವರು ಓವರ್‌ಸಿಯರನ ಬೂಟಿನ ಹಿಮ್ಮಡಿಯನ್ನೇ ನೋಡುತ್ತಾ, ಆಚೀಚೆ ತಿರುಗದೆ ಒಂದೇ ಉಸಿರಿಗೆ ಹತ್ತಿದರು. ಮೇಲೆ ಚಪ್ಪಡಿ ಹಾಸಿದ ಕಟ್ಟೆ, ಬಣ್ಣ ಬಳಿದ ಕಂಬಿ, ಕೂರಲು ನಾಲ್ಕು ಬೆಂಚು. ಎಲ್ಲವೂ ಒಂದು ಬೋಳು ಬಂಡೆಗೆ ಮುಖ ಮಾಡಿಕೊಂಡಿದ್ದವು. ಜಲಪಾತದ ಸದ್ದು ಬೆನ್ನ ಹಿಂದಿನಿಂದ ಕೇಳುತ್ತಿತ್ತು.

“ಎಲ್ಲಿ ಮೇಷ್ಟ್ರೇ ಮೂರು ಜಲಪಾತ?”

“ಆಗ ಕಾಣ್ತಿತ್ತು ಅಲ್ವಾ ಸಾರ್?” ಎಂದ ಓವರ್‌ಸಿಯರ್. “ಆಮೇಲೆ ಗುಡ್ಡ ಕುಸಿದು ಅಡ್ಡ ಬಂದಿರ್ಬೇಕು.”

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗುಡ್ಡ ಕುಸಿದ ವರ್ಷ, ತಿಂಗಳು, ಸದ್ದು ಎಲ್ಲವೂ ಮೇಷ್ಟ್ರ ನಾಲಿಗೆಯ ತುದಿಗೆ ಬಂದಿದ್ದವು. ಆದರೆ ಬಂಡೆಗೆ ಮುಖ ಮಾಡಿದ ಆ ನಾಲ್ಕು ಬೆಂಚುಗಳನ್ನು ನೋಡಿ ಅವರಿಗೆ ಜೀವಮಾನದಲ್ಲಿ ಮೊದಲ ಸಲ ನಿಜವಾಗಿ ನಾಚಿಕೆಯಾಯಿತು. ತಪ್ಪು ತನ್ನದೆಂದು ಒಪ್ಪಿಕೊಂಡರೆ ಹುಡುಗ ಪಾರಾಗುತ್ತಾನೆ ಎಂದುಕೊಂಡರು.

“ಯಾವತ್ತೂ ಕಾಣ್ತಿರ್ಲಿಲ್ಲ” ಎಂದರು. “ನಾನು ಈ ಕಮರಿಗೆ ಬಂದಿರೋದು ಇವತ್ತೇ ಮೊದಲು. ಮೂರು ಜಲಪಾತದ ಕತೆ ನಾನೇ ಕಟ್ಟಿದ್ದು. ಇವನು ನನ್ನ ಮಾತು ನಂಬಿ ಕೆಟ್ಟ.”

ಮೇಡಂ ಮೆಲ್ಲಗೆ ನಕ್ಕರು.

“ಮತ್ತೆ ಆ ಗುಹೆ?”

“ಪುಸ್ತಕದಲ್ಲಿ ಓದಿದ್ದು.”

“ಕಾಲು ಜಾರಿ ಬಿದ್ದಿದ್ದು? ಅದೂ ಪುಸ್ತಕದಲ್ಲಿತ್ತಾ?”

“ಬಿದ್ದೇ ಇಲ್ಲಮ್ಮ. ನನಗೆ ಎತ್ತರ ಕಂಡ್ರೆ ಭಯ, ಸ್ಟೂಲೂ ಹತ್ತಲ್ಲ” ಎಂದರು ಮೇಷ್ಟ್ರು. ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿ ಬಂದವರ ಬಾಯಲ್ಲಿ ಆ ಮಾತು ಅವರಿಗೇ ಸುಳ್ಳಿನಂತೆ ಕೇಳಿಸಿತು.

“ಸಾಕು ಬಿಡಿ ಮೇಷ್ಟ್ರೇ, ನಿಮ್ಮಂಥವರು ಈಗ ಎಲ್ಲಿದಾರೆ” ಎಂದು ಮೇಡಂ ಕೈ ಮುಗಿದರು. ಓವರ್‌ಸಿಯರನ ಕಡೆಗೆ ತಿರುಗಿದಾಗ ಅವರ ಮುಖ ಗಂಟಿಕ್ಕಿತ್ತು. “ಚಿಕ್ಕವರಿದ್ದಾಗ ಪಾಠ ತಪ್ಪಾಗಿ ಬರ್ಕೊಂಡಿದ್ದು ನೀವು. ಈಗ ನಿಮ್ಮನ್ನ ಉಳಿಸೋಕೆ ಈ ವಯಸ್ಸಲ್ಲಿ ಇವರು ಸುಳ್ಳು ಹೇಳ್ಬೇಕಾ? ನಾಚಿಕೆ ಆಗ್ಬೇಕು.”

“ಇಲ್ಲಮ್ಮ, ನಾನು...” ಎಂದು ಮೇಷ್ಟ್ರು ಅವರ ಹಿಂದೆಯೇ ಎರಡು ಹೆಜ್ಜೆ ಓಡಿದರು. ಮೇಡಂ ಆಗಲೇ ಬೆಂಚಿನ ಮೇಲೆ ಕೂತು ವರದಿ ಬರೆಯುತ್ತಿದ್ದರು. ಓವರ್‌ಸಿಯರನ ಅಮಾನತಿಗೆ ಶಿಫಾರಸು ಮಾಡಿ, ಸಹಿ ಹಾಕಿ, ಅವರು ಮುಂದೆ ಇಳಿದುಹೋದರು.

ಇಳಿಯುವಾಗ ಹಿಮ್ಮಡಿ ನೋಡಿಕೊಂಡು ಹೋಗುವ ಉಪಾಯ ನಡೆಯಲಿಲ್ಲ, ಎದುರಿಗೆ ಇಡೀ ಕಮರಿ ಬಾಯಿ ತೆರೆದುಕೊಂಡಿತ್ತು. ಮೇಷ್ಟ್ರು ಮೂರನೇ ಮೆಟ್ಟಿಲಲ್ಲೇ ಕಣ್ಣು ಕತ್ತಲೆ ಬಂದು ಕೂತುಬಿಟ್ಟರು. ಓವರ್‌ಸಿಯರ್ ಅವರನ್ನು ತಬ್ಬಿ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು.

“ನನ್ನ ಕೆಲಸ ಹೋದ್ರೆ ಹೋಗ್ಲಿ ಸಾರ್. ನೀವು ಬೇಜಾರು ಮಾಡ್ಕೋಬೇಡಿ.”

“ನಾನು ಹೇಳಿದ್ದು ನಿಜ ಕಣೋ. ನೀನಾದ್ರೂ ನಂಬು.”

“ಗೊತ್ತು ಸಾರ್” ಎಂದು ಅವನು ಮಗುವಿಗೆ ಹೇಳುವಂತೆ ಹೇಳಿದ. “ಜೀವನದಲ್ಲಿ ಒಂದು ಸುಳ್ಳೂ ಹೇಳಿದೋರಲ್ಲ ನೀವು. ನನಗೋಸ್ಕರ ಹೇಳಿದ್ರಲ್ಲ, ನನಗಷ್ಟೇ ಸಾಕು.”